ಒಂದು ಗಂಟೆಯ ಹಾರಾಟ: ಪಾಠವೋ, ಪರೀಕ್ಷೆಯೋ?

ಪ್ರಶ್ನೆ: ನಾನು ಪುಣೆಯ ಕೋಥ್ರೂಡ್‌ನವನು. ವರ್ಷದಲ್ಲಿ ಆರು ತಿಂಗಳು ಇಂಗ್ಲೆಂಡಿನ ಮಗಳ ಮನೆಯಲ್ಲಿ ವಾಸ. ಖಾಸಗಿ ಪೈಲಟ್ ಲೈಸೆನ್ಸೂ ಅಲ್ಲಿಯದೇ. ನವೀಕರಣದ ಹಾರಾಟಕ್ಕೆ ಹೋದರೆ ಇನ್‌ಸ್ಟ್ರಕ್ಟರ್ ಸ್ಟಾಲ್ (ರೆಕ್ಕೆಯ ಎತ್ತುವ ಬಲ ತಪ್ಪಿಸಿ ಮತ್ತೆ ಸರಿಪಡಿಸುವುದು), ಎಂಜಿನ್ ನಿಂತಂತೆ ಇಳಿಯುವುದು ಎಲ್ಲ ಮಾಡಿಸಿದ. ನಾನು ಕಡಲತೀರ ನೋಡಿ ಬರೋಣ ಅಂತಿದ್ದೆ. ದುಡ್ಡು ನನ್ನದು, ಪರೀಕ್ಷೆ ಮಾಡೋಕೆ ಆತ ಯಾರು?

ಉತ್ತರ: ಅರ್ಧ ನಿಮ್ಮ ಮಾತೇ ಸರಿ ಸ್ವಾಮಿ. ಅಲ್ಲಿ ಒಂಟಿ ಎಂಜಿನ್ ರೇಟಿಂಗಿನ, ಅಂದರೆ ಲೈಸೆನ್ಸಿನಲ್ಲಿ ಒಂದೇ ಎಂಜಿನ್ನಿನ ವಿಮಾನ ಹಾರಿಸಲು ಇರುವ ಅನುಮತಿಯ, ಅವಧಿ 2 ವರ್ಷ. ಮುಗಿಯುವ ಮುಂಚಿನ 12 ತಿಂಗಳಲ್ಲಿ 12 ಗಂಟೆ ಹಾರಿರಬೇಕು, ಅದರಲ್ಲಿ 6 ಗಂಟೆ ನೀವೇ ಕಮಾಂಡರ್; 12 ಟೇಕಾಫ್, 12 ಲ್ಯಾಂಡಿಂಗ್; ಇನ್‌ಸ್ಟ್ರಕ್ಟರ್ ಜೊತೆ ಕನಿಷ್ಠ 1 ಗಂಟೆ ತರಬೇತಿ. ಆ ಗಂಟೆಗೆ ಪಾಸು-ಫೇಲು ಇಲ್ಲ. ಪರೀಕ್ಷೆಯೇ ಬೇಕೆಂದರೆ ಎಕ್ಸಾಮಿನರ್ ದಾರಿ ಬೇರೆ ಇದೆ.

ಆದರೆ ಅದು ತರಬೇತಿ, ಜಾಲಿ ರೈಡ್ ಅಲ್ಲ. ನಾನು ಕಲಿಸುತ್ತಿದ್ದಾಗ ಹಿರಿಯರೊಬ್ಬರು ನಿಮ್ಮ ಹಾಗೇ ಮುಖ ಊದಿಸಿಕೊಂಡು ಕೂತಿದ್ದರು. ಹೇಳದೆ ಕೇಳದೆ ಥ್ರಾಟಲ್ ಎಳೆದು ಎಂಜಿನ್ ಶಕ್ತಿ ಇಳಿಸಿದೆ. ಒಳ್ಳೆ ಹೊಲವನ್ನೇ ಆರಿಸಿದರು, ಗ್ಲೈಡ್ ವೇಗವೂ (ಎಂಜಿನ್ ಬಲವಿಲ್ಲದೆ ತೇಲಿ ಇಳಿಯುವ ವೇಗ) ಸರಿ. ಎಂಜಿನ್ನಿಗೆ ಗಾಳಿ-ಇಂಧನ ಬೆರೆಸುವ ಕಾರ್ಬ್ಯುರೇಟರನ್ನು ಬಿಸಿ ಮಾಡುವ ಕಾರ್ಬ್ಯುರೇಟರ್ ಹೀಟ್ ಗುಂಡಿ ಮಾತ್ರ ಕೈಗೆ ಸಿಗದೆ ಡ್ಯಾಶ್‌ಬೋರ್ಡ್ ತಡಕಾಡಿದರು. ತೇವದ ದಿನ ಆ ಕಾರ್ಬ್ಯುರೇಟರಿನಲ್ಲೇ ಮಂಜುಗಡ್ಡೆ ಕಟ್ಟೋದು! ಇಳಿದ ಮೇಲೆ ಚಹಾ ಅವರೇ ಕೊಡಿಸಿದರು.

ನಿಮ್ಮ ಇನ್‌ಸ್ಟ್ರಕ್ಟರ್ ತಪ್ಪಿದ್ದು ಒಂದೇ ಕಡೆ, ಏನೇನು ಮಾಡೋಣ ಅಂತ ಮೊದಲೇ ಕೂತು ಮಾತಾಡಲಿಲ್ಲ. ಮುಂದಿನ ಸಲ ನೀವೇ ಕೇಳಿ: ಹೋಗುವಾಗ ಸ್ಟಾಲ್, ಬರುವಾಗ ಕಡಲತೀರ.