ಕರಗಿದ ಸರ, ಉಳಿದ ಚಿನ್ನ

ಪ್ರಶ್ನೆ: ಅಜ್ಜಿಯ ಅವಲಕ್ಕಿ ಸರವನ್ನು ಕರಗಿಸಿ ಮಗಳಿಗೆ ಬಳೆ ಮಾಡಿಸಿದೆವು. ‘ರೂಪ ಹೋದರೇನು, ಅಜ್ಜಿಯ ಚಿನ್ನ ಹಾಗೆಯೇ ಇದೆಯಲ್ಲ’ ಎಂದರು ಅಮ್ಮ. ಹೀಗೆ ಬದಲಾವಣೆಗಳ ಅಡಿಯಲ್ಲಿ ಉಳಿಯುವುದನ್ನೇ ಪಾಶ್ಚಾತ್ಯರು ‘ಸಬ್‌ಸ್ಟೆನ್ಸ್’ ಎಂದರು, ನಮ್ಮವರು ಬ್ರಹ್ಮವೆಂದರು ಎಂದು ಪ್ರವಚನವೊಂದರಲ್ಲಿ ಕೇಳಿದೆ. ಎರಡೂ ಒಂದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಒಂದೇ ಎನ್ನಲಾಗದು. ಚಿನ್ನದ ದೃಷ್ಟಾಂತ ಬಹುತೇಕ ಎಲ್ಲ ದರ್ಶನಗಳಿಗೂ ಪ್ರಿಯವಾದದ್ದೇ. ಆದರೆ ಅದರಿಂದ ಒಬ್ಬೊಬ್ಬರು ಒಂದೊಂದು ತೀರ್ಮಾನಕ್ಕೆ ಬಂದಿದ್ದಾರೆ.

‘ಸಬ್‌ಸ್ಟೆನ್ಸ್’ಗೆ ನಮ್ಮಲ್ಲಿ ಹತ್ತಿರದ ಮಾತು ‘ದ್ರವ್ಯ’. ವೈಶೇಷಿಕ ದರ್ಶನದವರಿಗೆ ದ್ರವ್ಯವೆಂದರೆ ಗುಣ ಮತ್ತು ಕ್ರಿಯೆಗಳಿಗೆ ಆಶ್ರಯವಾದದ್ದು. ಅಂಥವು ಒಂಬತ್ತು: ಪೃಥಿವಿ, ಜಲ, ತೇಜಸ್ಸು, ವಾಯು, ಆಕಾಶ, ಕಾಲ, ದಿಕ್ಕು, ಆತ್ಮ, ಮನಸ್ಸು. ಶಂಕರರ ಬ್ರಹ್ಮವೋ ನಿರ್ಗುಣ. ಗುಣಗಳೇ ಇಲ್ಲದ್ದನ್ನು ಗುಣಗಳ ಆಶ್ರಯವೆನ್ನುವುದು ಹೇಗೆ? ಪ್ರವಚನದ ಸಮೀಕರಣ ಮುರಿಯುವುದು ಇಲ್ಲಿಯೇ. ಮಣ್ಣಿನ ಮುದ್ದೆಯೊಂದನ್ನು ಅರಿತರೆ ಮಣ್ಣಿನಿಂದಾದದ್ದೆಲ್ಲವನ್ನೂ ಅರಿತಂತೆ ಎಂಬ ಛಾಂದೋಗ್ಯ ಉಪನಿಷತ್ತಿನ ಮಾತಿನಲ್ಲಿ ಶಂಕರರು ವಿಕಾರ, ಅಂದರೆ ಮಾರ್ಪಾಟು, ಕೇವಲ ನಾಮಮಾತ್ರ ಎಂಬ ಅರ್ಥವನ್ನು ಕಂಡರು. ಮಧ್ವರು ಇದನ್ನು ಒಪ್ಪಲಿಲ್ಲ. ಅವರ ಮತದಲ್ಲಿ ಪರಮಾತ್ಮನು ಜಗತ್ತಿಗೆ ಮಡಕೆಗೆ ಕುಂಬಾರನಂತೆ ನಿಮಿತ್ತಕಾರಣನೇ ಹೊರತು ಮಡಕೆಗೆ ಮಣ್ಣಿನಂತೆ ಉಪಾದಾನಕಾರಣನಲ್ಲ.

ನಿಮ್ಮ ಮನೆಯ ಪ್ರಸಂಗಕ್ಕೆ ತೀರ ಹತ್ತಿರವಾದದ್ದು ಜೈನಾಚಾರ್ಯ ಸಮಂತಭದ್ರರ ದೃಷ್ಟಾಂತ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನು ದುಃಖಿಸುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಚಿನ್ನವಷ್ಟೇ ಬೇಕಿದ್ದವನು ತಟಸ್ಥನಾಗಿರುತ್ತಾನೆ. ಮೂವರ ಭಾವಕ್ಕೂ ಕಾರಣವಿದೆ. ಅಂದರೆ ನಾಶ, ಉತ್ಪತ್ತಿ, ಸ್ಥಿತಿ ಮೂರೂ ನಿಜ. ನಿಮ್ಮ ಅಮ್ಮನ ಸಮಾಧಾನ ಎಷ್ಟು ಸತ್ಯವೋ, ಆ ಸರವನ್ನು ಅಜ್ಜಿಯ ಕೊರಳಲ್ಲಿ ಕಂಡವರಿಗೆ ಆಗಬಹುದಾದ ಸಂಕಟವೂ ಅಷ್ಟೇ ಸತ್ಯ. ಇವೆಲ್ಲದರ ನಡುವೆ ನನಗೆ ಹೆಚ್ಚು ಒಪ್ಪಿಗೆಯಾಗುವುದು ಈ ನೋಟವೇ, ಏಕೆಂದರೆ ಉಳಿದದ್ದನ್ನು ಎತ್ತಿಹಿಡಿಯುವ ಭರದಲ್ಲಿ ಅದು ಅಳಿದದ್ದನ್ನು ಸುಳ್ಳೆನ್ನುವುದಿಲ್ಲ.

ಗ್ರೀಕರ ಅರಿಸ್ಟಾಟಲ್ ಈ ಪ್ರಶ್ನೆಯನ್ನು ಕೊನೆಯವರೆಗೂ ಬೆನ್ನಟ್ಟಿದ. ಬಣ್ಣ, ಆಕಾರ, ಉದ್ದ, ಅಗಲಗಳನ್ನು ಒಂದೊಂದಾಗಿ ಕಳಚುತ್ತ ಹೋದರೆ ಕಡೆಗೆ ಉಳಿಯುವುದು ‘ಇದು’ ಎಂದು ಬೆರಳು ಮಾಡಿ ತೋರಿಸಲಾಗದ ಬರಿಯ ಜಡ. ಅದನ್ನು ಮುಖ್ಯಾರ್ಥದಲ್ಲಿ ದ್ರವ್ಯವೆನ್ನಲು ಅವನೇ ಒಪ್ಪಲಿಲ್ಲ. ವಸ್ತುವನ್ನು ಆ ವಸ್ತುವನ್ನಾಗಿಸುವ ರೂಪಕ್ಕೆ ಹೆಚ್ಚಿನ ಸ್ಥಾನ ಕೊಟ್ಟ. ಬೌದ್ಧರಂತೂ ಅಡಿಯಲ್ಲಿ ಏನೋ ಇರಲೇಬೇಕೆಂಬ ನಂಬಿಕೆಯನ್ನೇ ಪ್ರಶ್ನಿಸಿದರು. ಗಾಲಿ, ಅಚ್ಚು, ನೊಗಗಳನ್ನು ಬಿಟ್ಟರೆ ರಥವೆಲ್ಲಿದೆ ಎಂದು ಭಿಕ್ಷು ನಾಗಸೇನ ಮಿಲಿಂದ ರಾಜನನ್ನು ಕೇಳಿದ್ದು ಪ್ರಸಿದ್ಧ.

ಪ್ರಶ್ನೆ: ಬಲಿಪೂಜೆಯಲ್ಲಿ ರೊಟ್ಟಿಯು ಕ್ರಿಸ್ತನ ಶರೀರವಾಗುತ್ತದೆ ಎಂಬ ಕಥೋಲಿಕರ ನಂಬಿಕೆಗೂ ಈ ದ್ರವ್ಯವಿಚಾರಕ್ಕೂ ಸಂಬಂಧವಿದೆಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ನೇರ ಸಂಬಂಧವಿದೆ. 1215ರಲ್ಲಿ ಚರ್ಚಿನ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ಈ ನಂಬಿಕೆಯನ್ನು ದ್ರವ್ಯಾಂತರದ, ಅಂದರೆ ಒಂದು ದ್ರವ್ಯ ಇನ್ನೊಂದಾಗುವುದರ, ಪರಿಭಾಷೆಯಲ್ಲಿ ಹೇಳಿತು. ಅದೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನ ಪರಿಭಾಷೆಯನ್ನು ಬಳಸಿ ಅದನ್ನು ವಿವರಿಸಿದರು. ರೊಟ್ಟಿ ಮತ್ತು ದ್ರಾಕ್ಷಾರಸಗಳ ಬಣ್ಣ, ರುಚಿ, ತೂಕ ಎಲ್ಲವೂ ಇದ್ದಂತೆಯೇ ಇರುತ್ತವೆ, ಬದಲಾಗುವುದು ದ್ರವ್ಯ. ಮೇಲಿನ ಪ್ರಶ್ನೆಯ ಸರದಲ್ಲಿ ರೂಪ ಹೋಗಿ ಚಿನ್ನ ಉಳಿಯಿತು. ಇಲ್ಲಿ ತೋರಿಕೆ ಉಳಿದು ದ್ರವ್ಯವೇ ಬೇರೆಯಾಗುತ್ತದೆ. ಮುಂದೆ ಪ್ರೊಟೆಸ್ಟೆಂಟ್ ಸುಧಾರಕ ಲೂಥರ್ ಈ ವಿವರಣೆಯನ್ನು ತಿರಸ್ಕರಿಸಿದರೂ ಪ್ರಭುವಿನ ನಿಜ ಸಾನ್ನಿಧ್ಯವನ್ನು ಬಿಟ್ಟುಕೊಡಲಿಲ್ಲ. ರೊಟ್ಟಿ ಸಂಕೇತ ಮಾತ್ರವೆಂದ ಇನ್ನೊಬ್ಬ ಸುಧಾರಕ ಜ್ವಿಂಗ್ಲಿಯೊಡನೆ 1529ರಲ್ಲಿ ಮಾರ್ಬರ್ಗ್‌ನಲ್ಲಿ ಮಾತುಕತೆ ನಡೆದಾಗ, ಉಳಿದ ಹಲವು ವಿಷಯಗಳಲ್ಲಿ ಇಬ್ಬರೂ ಒಮ್ಮತಕ್ಕೆ ಬಂದರು, ಈ ಒಂದರಲ್ಲಿ ಬರಲಿಲ್ಲ.