ಪದ ವಿಚಾರ: ಒಡಕೋ, ಒಡೆದದ್ದೋ?

ಪ್ರಶ್ನೆ: 'ಪಕ್ಷದಲ್ಲಿ ಒಡಕು', 'ಪಕ್ಷ ಇಬ್ಭಾಗ', 'ಬಂಡಾಯ ಬಣ' ಎಂದು ಒಂದೇ ಸುದ್ದಿಗೆ ಒಂದೊಂದು ಪತ್ರಿಕೆ ಒಂದೊಂದು ಪದ ಹಾಕುತ್ತದೆ. ಮೂರೂ ಒಂದೆಯೆ?

ಉತ್ತರ: ಅಲ್ಲ. ಒಡಕು ಎಂದರೆ ಬಿರುಕು. ಒಡಕು ಮಡಕೆಯೂ ಮಡಕೆಯೇ. ಬಡಿದರೆ ಟಣ್ಣೆನ್ನದು, ನೀರು ತುಂಬಿದರೆ ಜಿನುಗುತ್ತದೆ, ಅಷ್ಟೆ. 'ಒಡೆ' ಎಂಬ ಕ್ರಿಯಾಪದ ಹಾಗಲ್ಲ. ಹಾಲು ಒಡೆಯಿತು, ಅಣ್ಣತಮ್ಮಂದಿರ ಮನೆ ಒಡೆಯಿತು ಎಂದರೆ ಅಲ್ಲಿಗೆ ಮುಗಿಯಿತು.

1969ರ ಕಾಂಗ್ರೆಸ್ಸನ್ನೇ ನೋಡಿ. ಜುಲೈನಲ್ಲಿ ಲಾಲ್‌ಬಾಗಿನ ಗಾಜಿನಮನೆಯ ಅಧಿವೇಶನದ ವೇಳೆಗೆ ಕಂಡದ್ದು ಒಡಕು. ರಾಷ್ಟ್ರಪತಿ ಅಭ್ಯರ್ಥಿ ಯಾರೆಂಬ ಜಗಳ. ನವೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನು ಉಚ್ಚಾಟಿಸಿದ ಮೇಲೆ ಆದದ್ದು ಇಬ್ಭಾಗ. ನಿಜಲಿಂಗಪ್ಪನವರ ಕಡೆಯದು ಸಂಸ್ಥಾ ಕಾಂಗ್ರೆಸ್, ಇಂದಿರಾ ಕಡೆಯದು ಆಡಳಿತ ಕಾಂಗ್ರೆಸ್. 1971ರ ಚುನಾವಣೆಯಲ್ಲಿ ಹಳೆಯ ಜೋಡೆತ್ತಿನ ಗುರುತು ಇಬ್ಬರಿಗೂ ದಕ್ಕಲಿಲ್ಲ. ಅವರಿಗೆ ಚರಕ ನೂಲುವ ಹೆಂಗಸು, ಇವರಿಗೆ ಹಸು-ಕರು.

ಬಣ ಎಂದರೆ ಒಬ್ಬ ನಾಯಕನ ಬೆನ್ನಿಗೆ ನಿಂತವರು. ಗುಂಪು ಬಸ್‌ಸ್ಟ್ಯಾಂಡಿನಲ್ಲೂ ಸೇರುತ್ತದೆ, ಬಣ ಸೇರದು. ಎರಡು ಬಣಗಳೂ 'ನಾವೇ ಮೂಲ ಪಕ್ಷ' ಎಂದರೆ 1968ರ ಚುನಾವಣಾ ಚಿಹ್ನೆಗಳ ಆದೇಶದ 15ನೇ ಪ್ಯಾರಾದಡಿ ಆಯೋಗ ತೀರ್ಮಾನಿಸುತ್ತದೆ. ಅಲ್ಲಿಯತನಕ ಇಬ್ಬರನ್ನೂ 'ಬಣ' ಎನ್ನುವುದೇ ಕ್ಷೇಮ.

ಹೆಚ್ಚು ತಪ್ಪಾಗುವುದು ಲೆಕ್ಕದಲ್ಲಿ. 'ಮೂರನೇ ಒಂದು ಭಾಗ ಶಾಸಕರು ಹೊರಬಂದರೆ ಅನರ್ಹತೆಯಿಲ್ಲ' ಎಂದು ಇಂದಿಗೂ ಬರೆಯುವವರಿದ್ದಾರೆ. 1985ರ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಆ ವಿನಾಯಿತಿ ಇತ್ತು, ನಿಜ. 2003ರ 91ನೇ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಈಗ ಉಳಿದಿರುವುದು ವಿಲೀನ ಮಾತ್ರ, ಅದಕ್ಕೆ ಶಾಸಕಾಂಗ ಪಕ್ಷದ ಮೂರನೇ ಎರಡು ಭಾಗದ ಒಪ್ಪಿಗೆ ಬೇಕು: 90 ಜನರ ಪಕ್ಷದಲ್ಲಿ 30 ಸಾಲದು, 60 ಆಗಬೇಕು. ಆದ್ದರಿಂದ ಕಾನೂನಿನ ಸುದ್ದಿಯಲ್ಲಿ 'ವಿಲೀನ' ಎನ್ನಬೇಕಾದಲ್ಲಿ 'ವಿಭಜನೆ' ಎಂದರೆ ಅರ್ಥವೇ ತಿರುಗುತ್ತದೆ.

ಪ್ರಶ್ನೆ: 'ಪಕ್ಷದ ಎರಡು ಪಂಗಡ' ಎನ್ನಬಹುದೆ?

ಉತ್ತರ: ಎನ್ನಬಹುದು, ಹಳೆಯ ಬಳಕೆಯೇ. ಆದರೆ 'ಪರಿಶಿಷ್ಟ ಪಂಗಡ' ಎಂದು ಸಂವಿಧಾನದ 342ನೇ ವಿಧಿಯ ಪಟ್ಟಿಗೆ ಆ ಪದ ಅಂಟಿಕೊಂಡ ಮೇಲೆ ರಾಜಕೀಯ ಸುದ್ದಿಯಲ್ಲಿ ಓದುಗ ಒಂದು ಕ್ಷಣ ತಡವರಿಸುತ್ತಾನೆ. ಬಣ ಸಾಕು.

ಪ್ರಶ್ನೆ: ಇಬ್ಬಾಗವೋ, ಇಬ್ಭಾಗವೋ?

ಉತ್ತರ: ಇಬ್ಭಾಗ. ಎರಡು 'ಭಾಗ'ವಾದದ್ದು, ಮಹಾಪ್ರಾಣ ಬಿಡಬೇಡಿ.