ಪತ್ರದಲ್ಲಿ ತುರುಕಿದ ಒಂದು ಅಕ್ಷರ

ಪ್ರಶ್ನೆ: ಸಾರ್, ಆನ್ ಬೊಲಿನ್‌ಗೋಸ್ಕರ ಇಂಗ್ಲೆಂಡಿನ ಎಂಟನೇ ಹೆನ್ರಿ ಪೋಪ್‌ನನ್ನೇ ಎದುರು ಹಾಕ್ಕೊಂಡ ಅಂತ ಓದಿದೀನಿ. ಅಷ್ಟು ಹಚ್ಕೊಂಡಿದ್ದವಳ ತಲೆ ಮೂರೇ ವರ್ಷಕ್ಕೆ ತೆಗೆಸಿದ್ಯಾಕೆ? ರಾಣಿ ಅಂದ್ರೆ ಆರಾಮಾಗಿರೋದು ಅಂದ್ಕೊಂಡಿದ್ದೆ.
- ಓದುಗರೊಬ್ಬರು, ಹಾಸನ

ಉತ್ತರ: ಆರಾಮ ಎಲ್ಲಿಂದ ಬರ್ಬೇಕಮ್ಮ. ಟ್ಯೂಡರ್, ಅಂದ್ರೆ ಹೆನ್ರಿ ವಂಶದ ರಾಣಿಗೆ ಎಲ್ಲಕ್ಕಿಂತ ದೊಡ್ಡ ಕೆಲ್ಸ ಗಂಡುಮಗು ಹೆರೋದು, ಮಿಕ್ಕಿದ್ದೆಲ್ಲ ಆಮೇಲೆ. ಹೆನ್ರಿಯ ಮೊದಲ ರಾಣಿ ಕ್ಯಾಥರೀನ್‌ನೇ ನೋಡಿ, 1513ರಲ್ಲಿ ಗಂಡ ಫ್ರಾನ್ಸಲ್ಲಿ ಯುದ್ಧಕ್ಕೆ ಹೋದಾಗ ರಾಜ್ಯ ನೋಡ್ಕೊಂಡವಳು ಅವಳೇ, ಆಗ್ಲೇ ಫ್ಲಾಡನ್ ಯುದ್ಧದಲ್ಲಿ ಸ್ಕಾಟ್ಲೆಂಡ್ ದೊರೆ ಸತ್ತಿದ್ದು, ಆದ್ರೆ 1511ರಲ್ಲಿ ಹುಟ್ಟಿದ ಗಂಡುಮಗು 52 ದಿನಕ್ಕೆ ತೀರ್ಕೊಂಡು ಕೊನೆಗೆ ಮಗಳು ಮೇರಿ ಒಬ್ಬಳೇ ಉಳಿದಿದ್ದಕ್ಕೆ ಆ ಆಡಳಿತ ಎಲ್ಲ ಯಾರಿಗೂ ಲೆಕ್ಕಕ್ಕೇ ಬರ್ಲಿಲ್ಲ.

ಆನ್ ಕಥೇನೂ ಅದೇ. ಹೆರಿಗೆಗೆ ಮುಂಚೇನೇ ರಾಣಿ ಒಂದು ಕೋಣೆ ಸೇರ್ಬೇಕಿತ್ತು, ಕಿಟಕಿಗೆಲ್ಲ ದಪ್ಪ ಪರದೆ, ಗಂಡಸರಿಗೆ ಪ್ರವೇಶ ಇಲ್ಲ. ಆನ್ 1533ರ ಆಗಸ್ಟ್ ಕೊನೇಲಿ ಗ್ರೀನಿಚ್ ಅರಮನೇಲಿ ಹಾಗೇ ಒಳಗೆ ಹೋದ್ಲು. ಹೊರಗೆ ಮಗು ಹುಟ್ಟಿದ ಸುದ್ದಿ ಪತ್ರಗಳು ಮೊದಲೇ ರೆಡಿ, ಅದ್ರಲ್ಲಿ ‘ಪ್ರಿನ್ಸ್’ ಅಂತಾನೇ ಬರೆದಿಟ್ಟಿದ್ರು. ಸೆಪ್ಟೆಂಬರ್ 7ಕ್ಕೆ ಹುಟ್ಟಿದ್ದು ಹೆಣ್ಣು, ಎಲಿಜಬೆತ್. ಪತ್ರ ಹೊಸದಾಗಿ ಬರೀಲಿಲ್ಲ, ಆ ಪದದ ಕೊನೆಗೆ ಒಂದು ‘ಎಸ್’ ತುರುಕಿ ‘ಪ್ರಿನ್ಸೆಸ್’ ಅಂತ ಮಾಡಿ ಕಳ್ಸಿದ್ರು, ಈಗ್ಲೂ ನೋಡಿದ್ರೆ ಆ ಅಕ್ಷರ ಇಕ್ಕಟ್ಟಲ್ಲಿ ನಿಂತಿರೋದು ಕಾಣ್ಸುತ್ತೆ. ನಂಗೆ ಅದನ್ನ ನೆನೆದಾಗೆಲ್ಲ ಹೊಟ್ಟೇಲಿ ಸಂಕಟ ಆಗುತ್ತೆ.

1536ರ ಜನವರಿ 29ಕ್ಕೆ ಆನ್‌ಗೆ ಗರ್ಭ ಇಳೀತು, ಅವತ್ತೇ ಕ್ಯಾಥರೀನ್‌ಳ ಶವಸಂಸ್ಕಾರ. ಅಷ್ಟರಲ್ಲಿ ರಾಜನ ಕಣ್ಣು ಜೇನ್ ಸೀಮೋರ್ ಮೇಲೆ. ಜೇನ್ ಯಾರು? ಆನ್ ಸೇವೆಗಿದ್ದವಳು, ಆನ್ ಕೂಡ ಹಿಂದೆ ಕ್ಯಾಥರೀನ್ ಸೇವೆಗಿದ್ದವಳೇ, ಅಂದ್ರೆ ರಾಣಿ ತನ್ನ ಕೋಣೇಲೇ ಯಾರನ್ನ ನಂಬ್ಬೇಕು ಹೇಳಿ. ಮುಂದೆ ಆನ್‌ನ ಹಿಡಿದು ಹಾಕಿದ ಲಂಡನ್ನಿನ ಟವರ್ ಜೈಲಲ್ಲಿ ಜೊತೆಗೆ ಬಿಟ್ಟಿದ್ದ ಹೆಂಗಸರೂ ಅವಳಾಡಿದ ಮಾತನ್ನ ಹೊರಗೆ ಮುಟ್ಟಿಸ್ತಿದ್ರು.

ಒಡಹುಟ್ಟಿದ ಸಹೋದರನೂ ಸೇರಿ ಐದು ಜನರ ಜೊತೆ ಸಂಬಂಧ ಅಂತ ಆರೋಪ ಹೊರಿಸಿ 1536ರ ಮೇ 19ಕ್ಕೆ ತಲೆ ತೆಗೆಸಿದ್ರು. ಆ ಆರೋಪನ ಇವತ್ತು ಬಹುತೇಕ ಇತಿಹಾಸಕಾರರು ನಂಬಲ್ಲ, ನಾನೂ ನಂಬಲ್ಲ. ಆರೋಪಪಟ್ಟೀಲಿರೋ ಒಂದು ತಾರೀಖು ನೋಡಿ ಸಾಕು: ತಪ್ಪು ನಡೆದಿದ್ದು 1533ರ ಅಕ್ಟೋಬರ್ 6, ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಂತ ಬರೆದಿದಾರೆ. ಎಲಿಜಬೆತ್ ಹುಟ್ಟಿ ಅವತ್ತಿಗೆ ಇನ್ನೂ 29 ದಿನ, ತಾಯಿ ಗ್ರೀನಿಚ್‌ನಲ್ಲಿ ಬಾಣಂತಿ.